ಜಗದ್ಗುರು ಹದಿಮೂರನೇ ಲಿಯೋ: ರಾಷ್ಟ್ರಗಳ ವ್ಯಾಜ್ಯ ಬಿಡಿಸಿದ ಸಂಧಾನಕಾರ

2025ರ ಮೇ 8ರಂದು ಹೊಸದಾಗಿ ಚುನಾಯಿತರಾದ ಜಗದ್ಗುರುಗಳು ಹದಿನಾಲ್ಕನೇ ಲಿಯೋ ಎಂಬ ನಾಮಧೇಯವನ್ನು ಸ್ವೀಕರಿಸಿದಾಗ, ಅದೇ ಹೆಸರಿನ ಹಿಂದಿನ ಜಗದ್ಗುರುಗಳ ಸ್ಮರಣೆ ಎಲ್ಲೆಡೆ ಮರುಕಳಿಸಿತು. ಹದಿಮೂರನೇ ಲಿಯೋ ಎಂದೊಡನೆ ನಮ್ಮ ಜನರಿಗೆ ನೆನಪಾಗುವುದು 1891ರ ಮೇ 15ರಂದು ಕಾರ್ಮಿಕರ ಹಕ್ಕುಗಳ ಕುರಿತು ಹೊರಟ ರೇರುಮ್ ನೊವಾರುಮ್ ವಿಶ್ವಪತ್ರ. ಅದರ ಮಹತ್ವವನ್ನು ಇಲ್ಲಿ ಮತ್ತೆ ವಿವರಿಸಬೇಕಾಗಿಲ್ಲ. ಆದರೆ ಆ ಪತ್ರಕ್ಕಿಂತ ಆರು ವರ್ಷ ಮೊದಲು ಇದೇ ಮಹನೀಯರು ಯುರೋಪಿನ ಎರಡು ರಾಜ್ಯಗಳ ನಡುವಣ ಭೂವ್ಯಾಜ್ಯವನ್ನು ಯುದ್ಧವಿಲ್ಲದೆ ಬಗೆಹರಿಸಿದ್ದರು. ಆ ಕಥೆಯನ್ನು ಬಲ್ಲವರು ಕಡಿಮೆ. ಅದರ ಬೆನ್ನಿಗೇ ಅವರು ಮಾಡಿಕೊಂಡ ಇನ್ನೊಂದು ಒಪ್ಪಂದ ನಮ್ಮ ಕರಾವಳಿಯ ಮನೆಮನೆಯನ್ನೂ ಮುಟ್ಟಿತೆಂಬುದನ್ನು ಬಲ್ಲವರು ಇನ್ನೂ ಕಡಿಮೆ.

ಜೋವಾಕಿನೋ ವಿಂಚೆನ್ಸೋ ಪೆಚ್ಚಿ ಜನಿಸಿದ್ದು 1810ರ ಮಾರ್ಚ್ 2ರಂದು, ರೋಮ್ ನಗರದ ದಕ್ಷಿಣಕ್ಕಿರುವ ಕಾರ್ಪಿನೇತೊ ಎಂಬ ಗುಡ್ಡದೂರಿನಲ್ಲಿ. ವಿತೆರ್ಬೊದ ಜೆಸ್ವಿಟ್ ಶಾಲೆಯಲ್ಲಿ ಬಾಲ್ಯದ ಓದು. ಬಳಿಕ ರೋಮಿನಲ್ಲಿ ದೈವಶಾಸ್ತ್ರ ಹಾಗೂ ನ್ಯಾಯಶಾಸ್ತ್ರ. 1837ರ ಕೊನೆಯ ದಿನ ಯಾಜಕದೀಕ್ಷೆ. ಆ ಕಾಲದಲ್ಲಿ ಜಗದ್ಗುರುಗಳು ಮಧ್ಯ ಇಟಲಿಯ ಅರಸರೂ ಆಗಿದ್ದುದರಿಂದ, ಕಾನೂನು ಬಲ್ಲ ಯುವ ಯಾಜಕರನ್ನು ಆಡಳಿತಕ್ಕೆ ಕಳುಹಿಸುವ ವಾಡಿಕೆಯಿತ್ತು. 1838ರಲ್ಲಿ ಪೆಚ್ಚಿಯವರಿಗೆ ದೊರೆತದ್ದು ಬೆನೆವೆಂತೊ. ಸುತ್ತಲೂ ನೇಪಲ್ಸ್ ಅರಸನ ಸೀಮೆ, ನಡುವೆ ದ್ವೀಪದಂತೆ ಜಗದ್ಗುರುಗಳ ಈ ಪುಟ್ಟ ಊರು. ಈ ಬದಿಯಲ್ಲಿ ಅಪರಾಧವೆಸಗಿದವನು ಆ ಬದಿಗೆ ದಾಟಿದರೆ ಮುಗಿಯಿತು. ಕಳ್ಳಸಾಗಣೆಗಾರರಿಗೂ ದರೋಡೆಕೋರರಿಗೂ ಕೆಲವು ಜಮೀನ್ದಾರರೇ ಆಶ್ರಯದಾತರು. ಯುವ ಅಧಿಕಾರಿ ಅವರನ್ನೆಲ್ಲ ಹದ್ದುಬಸ್ತಿಗೆ ತಂದರು. ಒಂದು ಗಡಿಯ ಎರಡು ಬದಿಗಳಲ್ಲಿ ಎರಡು ಕಾನೂನುಗಳಿದ್ದರೆ ಸಾಮಾನ್ಯ ಜನರ ಪಾಡೇನಾಗುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿ ಬರಲಿಲ್ಲ.

1843ರಲ್ಲಿ ಮೂವತ್ತಮೂರರ ಹರೆಯದಲ್ಲಿಯೇ ಬೆಲ್ಜಿಯಂ ದೇಶಕ್ಕೆ ಜಗದ್ಗುರುಗಳ ರಾಯಭಾರಿಯಾದರು. ಅಲ್ಲಿನ ಶಿಕ್ಷಣವಿವಾದದಲ್ಲಿ ಅವರಿಗೆ ಹೆಚ್ಚಿನ ಯಶಸ್ಸೇನೂ ಸಿಗಲಿಲ್ಲ. ಜೀವನಚರಿತ್ರೆ ಬರೆಯುವವರು ಇದನ್ನು ಮೆಲ್ಲನೆ ದಾಟಿಬಿಡುತ್ತಾರೆ. ಆದರೆ ಸೋತ ರಾಯಭಾರಿಯೂ ಏನನ್ನಾದರೂ ಕಲಿಯುತ್ತಾನೆ. 1846ರಿಂದ ಮೂವತ್ತೆರಡು ವರ್ಷ ಪೆರೂಜಾದ ಧರ್ಮಾಧ್ಯಕ್ಷರಾಗಿ ಅವರು ಬಹುಮಟ್ಟಿಗೆ ಲೋಕದ ಕಣ್ಣಿನಿಂದ ಮರೆಯಾಗಿಯೇ ಉಳಿದರು. ಅಲ್ಲಿ ಸೋದರ ಜುಸೆಪ್ಪೆಯೊಡನೆ ಸಂತ ತೋಮಸ್ ಅಕ್ವಿನಾಸರ ತತ್ತ್ವಶಾಸ್ತ್ರದ ಅಧ್ಯಯನವನ್ನು ಪುನಃ ಚಿಗುರಿಸಿದರು.

1870ರ ಸೆಪ್ಟೆಂಬರ್ 20ರಂದು ಇಟಲಿಯ ಸೈನ್ಯ ರೋಮ್ ನಗರವನ್ನು ವಶಪಡಿಸಿಕೊಂಡಿತು. ಶತಮಾನಗಳ ಪಾಪಲ್ ರಾಜ್ಯ ಅಲ್ಲಿಗೆ ಮುಗಿಯಿತು. 1871ರಲ್ಲಿ ಇಟಲಿಯ ಸಂಸತ್ತು ಕಾನೂನೊಂದನ್ನು ಮಾಡಿ ಜಗದ್ಗುರುಗಳಿಗೆ ಗೌರವವನ್ನೂ ವಾರ್ಷಿಕ ಭತ್ಯೆಯನ್ನೂ ನೀಡಲು ಮುಂದಾಯಿತು. ಒಂಬತ್ತನೇ ಪಿಯುಸ್ ಅದನ್ನು ನಿರಾಕರಿಸಿದರು. ಎದುರಾಳಿಯೊಬ್ಬನೇ ಕುಳಿತು ಬರೆದ ಕಾನೂನು ಇಬ್ಬರ ನಡುವಣ ಒಪ್ಪಂದವಾಗಲಾರದು ಎಂಬುದು ಅವರ ವಾದ. 1878ರ ಫೆಬ್ರವರಿ 20ರಂದು ಪೆಚ್ಚಿ ಜಗದ್ಗುರುಗಳಾದಾಗ ಅವರಿಗೆ ಅರುವತ್ತೇಳು ವರ್ಷ, ಕೃಶ ಶರೀರ. ಇವರ ಆಳ್ವಿಕೆ ಅಲ್ಪಕಾಲದ್ದೆಂದು ಹಲವರು ಎಣಿಸಿದ್ದರು. ಅದು ಇಪ್ಪತ್ತೈದು ವರ್ಷ ನಡೆಯಿತು. ಆ ಇಪ್ಪತ್ತೈದು ವರ್ಷಗಳಲ್ಲಿ ಅವರು ವ್ಯಾಟಿಕನ್ನಿನ ಗೋಡೆಗಳಿಂದ ಹೊರಗೆ ಕಾಲಿಡಲಿಲ್ಲ. ರಾಜ್ಯವಿಲ್ಲ, ಸೈನ್ಯವಿಲ್ಲ, ನಾವೆಗಳಿಲ್ಲ. ಇಂಥವರ ಬಳಿಗೆ 1885ರಲ್ಲಿ ಎರಡು ದೇಶಗಳ ವ್ಯಾಜ್ಯ ಬಂತು.

ವ್ಯಾಜ್ಯದ ವಸ್ತು ಪೆಸಿಫಿಕ್ ಮಹಾಸಾಗರದ ಕರೋಲಿನ್ ದ್ವೀಪಗಳು ಮತ್ತು ಅವುಗಳಿಗೆ ಸೇರಿದಂತಿರುವ ಪಾಲಾವು ದ್ವೀಪಗಳು. ಫಿಲಿಪ್ಪೈನ್ಸಿನ ಪೂರ್ವಕ್ಕೆ ಸಾವಿರಾರು ಮೈಲುಗಳ ನೀರಿನಲ್ಲಿ ಚೆದುರಿದ ತೆಂಗಿನ ದ್ವೀಪಗಳಿವು. ಹದಿನಾರನೆಯ ಶತಮಾನದಲ್ಲಿ ಇವುಗಳನ್ನು ಕಂಡ ನಾವಿಕರಲ್ಲಿ ಸ್ಪೇನಿನವರಿದ್ದರು. 1686ರಲ್ಲಿ ಅವರ ನಾವಿಕನೊಬ್ಬನು ಒಂದು ದ್ವೀಪಕ್ಕೆ ತನ್ನ ಅರಸ ಎರಡನೇ ಕಾರ್ಲೋಸನ ಹೆಸರಿಟ್ಟುದರಿಂದ ಇಡೀ ಸಮೂಹಕ್ಕೆ ಆ ಹೆಸರು ಬಂತು. ಸುವಾರ್ತೆ ಸಾರಲು ಹೋದ ಜೆಸ್ವಿಟ್ ಗುರು ಕಾಂತೋವಾ 1731ರಲ್ಲಿ ಅಲ್ಲಿ ಹತರಾದರು. ಆಮೇಲೆ ಸ್ಪೇನ್ ಆ ಕಡೆ ಹೆಚ್ಚು ತಲೆಹಾಕಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ವರ್ತಕರು ಬಂದರು, ಕೊಬ್ಬರಿಯ ವ್ಯಾಪಾರ ಬೆಳೆಸಿದರು. ಸ್ಪೇನ್ ಆಗ ಎಚ್ಚೆತ್ತು ಸುಂಕ ಕೇಳಿದಾಗ, 1875ರಲ್ಲಿ ಜರ್ಮನಿ ಮತ್ತು ಬ್ರಿಟನ್ ಎರಡೂ ಪ್ರತಿಭಟಿಸಿದವು. ಅಧಿಕಾರಿಯಿಲ್ಲ, ಠಾಣೆಯಿಲ್ಲ, ಸುಂಕ ಮಾತ್ರ ಏಕೆ ಎಂಬುದು ಅವರ ಪ್ರಶ್ನೆ.

1885ರ ಆಗಸ್ಟ್ ತಿಂಗಳಲ್ಲಿ ಸ್ಪೇನಿನ ಎರಡು ಹಡಗುಗಳು ಯಾಪ್ ದ್ವೀಪ ತಲುಪಿ, ವಿಧ್ಯುಕ್ತವಾಗಿ ಧ್ವಜವೇರಿಸುವ ಸಿದ್ಧತೆಯಲ್ಲಿ ಕೆಲವು ದಿನ ಕಳೆದವು. 25ರ ಸಂಜೆ ಇಲ್ಟಿಸ್ ಎಂಬ ಜರ್ಮನ್ ಯುದ್ಧನೌಕೆ ಬಂದು, ಸಿದ್ಧತೆಯ ಗೊಡವೆಯೇ ಇಲ್ಲದೆ ತನ್ನ ಧ್ವಜವನ್ನು ಏರಿಸಿಬಿಟ್ಟಿತು. ಸುದ್ದಿ ಮ್ಯಾಡ್ರಿಡ್ ಮುಟ್ಟಿದಾಗ ಜನ ಬೀದಿಗಿಳಿದು ಜರ್ಮನ್ ರಾಯಭಾರ ಕಚೇರಿಯ ಮೇಲೆ ದಾಳಿ ಮಾಡಿ, ಅದರ ರಾಜಲಾಂಛನವನ್ನು ಕಿತ್ತೆಸೆದರು. ನಕ್ಷೆಯಲ್ಲಿ ಆ ದ್ವೀಪಗಳನ್ನು ತೋರಿಸಲಾರದವರೂ ಅವುಗಳಿಗಾಗಿ ಪ್ರಾಣ ಕೊಡಲು ಸಿದ್ಧರಾದರು.

ಜರ್ಮನಿಯ ಪ್ರಧಾನಿ ಬಿಸ್ಮಾರ್ಕ್‌ಗೆ ಈ ದ್ವೀಪಗಳಿಗಾಗಿ ಸ್ಪೇನಿನೊಡನೆ ಯುದ್ಧ ಬೇಡವಾಗಿತ್ತು. ಹಿಂಜರಿದರೆ ಮಾನಭಂಗ, ಮುಂದುವರಿದರೆ ಯುದ್ಧ. ಆಗ ಆತ, ವಿಷಯವನ್ನು ಜಗದ್ಗುರುಗಳ ಮುಂದಿಡೋಣವೆಂದು ಸೂಚಿಸಿದ. ಯಾರು ಈ ಬಿಸ್ಮಾರ್ಕ್? 1870ರ ದಶಕದಲ್ಲಿ ಕಠಿಣ ಕಾನೂನುಗಳನ್ನು ತಂದು ಪ್ರಷ್ಯಾದ ಧರ್ಮಾಧ್ಯಕ್ಷರನ್ನು ಸೆರೆಮನೆಗೆ ತಳ್ಳಿದ, ಜೆಸ್ವಿಟರನ್ನು ದೇಶದಿಂದಲೇ ಹೊರಗಟ್ಟಿದ ಪ್ರೊಟೆಸ್ಟೆಂಟ್ ಮುತ್ಸದ್ದಿ. ಆತನದು ಭಕ್ತಿಯಲ್ಲ, ಲೆಕ್ಕಾಚಾರ. ಕಥೋಲಿಕ ದೇಶವಾದ ಸ್ಪೇನ್ ಈ ಸಂಧಾನಕಾರರನ್ನು ನಿರಾಕರಿಸಲಾರದು. ರೋಮಿನ ಮಾತಿಗೆ ಮಣಿದರೆ ತನಗೂ ಅವಮಾನವಿಲ್ಲ. ತನ್ನ ದೇಶದ ಕಥೋಲಿಕರೊಡನೆ ರಾಜಿಯಾಗಲೂ ಇದೊಂದು ದಾರಿ. ಸಂಧಾನಕ್ಕೆ ಬರುವವರ ಮನಸ್ಸು ಶುದ್ಧವಾಗಿರಲೇಬೇಕೆಂದು ಹಟ ಹಿಡಿದರೆ ಸಂಧಾನಗಳೇ ನಡೆಯುವುದಿಲ್ಲ. ಗಡಿ ತಕರಾರು ಹೊತ್ತು ಗುರುಗಳ ಮನೆಯ ಮೆಟ್ಟಿಲೇರುವವರನ್ನು ಇಷ್ಟು ವರ್ಷ ಕಂಡ ನನಗೆ ಇದರಲ್ಲಿ ಸಂದೇಹ ಉಳಿದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಇಂಥ ವ್ಯಾಜ್ಯ ತೀರಿಸಲು ಎರಡು ಬಗೆಗಳಿವೆ. ಒಂದು ಪಂಚಾಯಿತಿ ತೀರ್ಪು: ಬಂದ ತೀರ್ಪಿಗೆ ಬದ್ಧರಾಗುತ್ತೇವೆಂದು ಇಬ್ಬರೂ ಮೊದಲೇ ಮುಚ್ಚಳಿಕೆ ಬರೆದುಕೊಟ್ಟಂತೆ. ಇನ್ನೊಂದು ಸಂಧಾನ: ಮಧ್ಯಸ್ಥನು ಪರಿಹಾರವನ್ನು ಮುಂದಿಡುತ್ತಾನೆ, ಒಪ್ಪುವುದೂ ಬಿಡುವುದೂ ಕಕ್ಷಿಗಳಿಗೆ ಬಿಟ್ಟದ್ದು. ಸ್ಪೇನ್ ಎರಡನೆಯದನ್ನು ಮಾತ್ರ ಒಪ್ಪಿತು. ತನ್ನ ಒಡೆತನವೇ ಸಂದೇಹಾಸ್ಪದವೆಂದು ಒಪ್ಪಿಕೊಂಡಂತಾದೀತೆಂಬ ಭಯ ಅದಕ್ಕೆ. ಮೇಲ್ನೋಟಕ್ಕೆ ಸಂಧಾನ ದುರ್ಬಲವೆನಿಸುತ್ತದೆ. ಆದರೆ ಬೀಗಲ್ ಕಾಲುವೆಯ ಪ್ರಕರಣದಲ್ಲಿ 1977ರ ಪಂಚಾಯಿತಿ ತೀರ್ಪನ್ನು ಅರ್ಜೆಂಟೀನಾ ಮರುವರ್ಷ ತಿರಸ್ಕರಿಸಿ, ಚಿಲಿಯೊಡನೆ ಯುದ್ಧಕ್ಕೆ ಸನ್ನದ್ಧವಾದಾಗ, ಕೊನೆಗೆ ಫಲಿಸಿದ್ದು ಎರಡನೇ ಜಾನ್ ಪೌಲರ ಸಂಧಾನವೇ. 1984ರಲ್ಲಿ ವ್ಯಾಟಿಕನ್ನಿನಲ್ಲಿಯೇ ಒಪ್ಪಂದಕ್ಕೆ ಸಹಿ ಬಿತ್ತು.

ಲಿಯೋ ಅವರ ಮುಂದಿದ್ದ ಪ್ರಶ್ನೆ ಕಾನೂನಿನ ದೃಷ್ಟಿಯಿಂದ ಸುಲಭವಾಗಿರಲಿಲ್ಲ. ಮೊದಲು ಕಂಡವನದೇ ಭೂಮಿಯೆಂದು ಸ್ಪೇನ್. ಆಳುವವನಿದ್ದರೆ ಮಾತ್ರ ಒಡೆಯನೆಂದು ಜರ್ಮನಿ. 1885ರ ಫೆಬ್ರವರಿಯಲ್ಲಿ ಮುಗಿದ ಬರ್ಲಿನ್ ಸಮ್ಮೇಳನ ಆಫ್ರಿಕದ ಕರಾವಳಿಯ ಮಟ್ಟಿಗೆ ಈ ಎರಡನೆಯ ನಿಯಮವನ್ನೇ ಅಂಗೀಕರಿಸಿತ್ತು. ಅಕ್ಟೋಬರ್ 22ರಂದು ರೋಮಿನಿಂದ ಹೊರಟ ಸಲಹೆ ಎರಡನ್ನೂ ಅಲ್ಲಗಳೆಯಲಿಲ್ಲ. ದ್ವೀಪಗಳ ಸಾರ್ವಭೌಮತ್ವ ಸ್ಪೇನಿಗೆ ಸೇರಿದ್ದು. ಆದರೆ ಅದು ಆದಷ್ಟು ಬೇಗ ಅಲ್ಲಿ ಕ್ರಮಬದ್ಧ ಆಡಳಿತವನ್ನೂ, ಶಾಂತಿ ಕಾಯಲು ಸಾಕಷ್ಟು ಬಲವನ್ನೂ ಸ್ಥಾಪಿಸಬೇಕು. ಜರ್ಮನಿಗೆ ವ್ಯಾಪಾರ, ನೌಕಾಸಂಚಾರ, ಮೀನುಗಾರಿಕೆಗಳ ಪೂರ್ಣ ಸ್ವಾತಂತ್ರ್ಯ; ಹಡಗುಗಳಿಗೆ ಕಲ್ಲಿದ್ದಲು ತುಂಬುವ ನೆಲೆಯೊಂದರ ಹಕ್ಕು; ಜರ್ಮನ್ ಪ್ರಜೆಗಳಿಗೆ ಸ್ಪೇನಿನವರಿಗೆ ಸಮನಾಗಿ ತೋಟ ಬೇಸಾಯ ಮಾಡುವ ಅವಕಾಶ.

ನಮ್ಮ ಜಿಲ್ಲೆಯ ಕುಮ್ಕಿ ಹಕ್ಕನ್ನು ಬಲ್ಲವರಿಗೆ ಇದು ಹೊಸದಲ್ಲ. ಭೂಮಿ ಸರಕಾರದ್ದು, ಸೊಪ್ಪು, ಸೌದೆ, ಮೇವು ಪಕ್ಕದ ವರ್ಗದಾರನಿಗೆ. ಒಡೆತನ ಬೇರೆ, ಉಪಯೋಗ ಬೇರೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಸಂತ ತೋಮಸರ ಬೃಹದ್ಗ್ರಂಥದಲ್ಲಿ ನಾವು ಕಂಡ ವಿಭಜನೆಯೂ ಇದೇ: ವಸ್ತುವನ್ನು ಸಂಪಾದಿಸಿ ನಿರ್ವಹಿಸುವ ಅಧಿಕಾರ ಒಬ್ಬನದಾಗಿರಬಹುದು, ಆದರೆ ಅದರ ಉಪಯೋಗದಲ್ಲಿ ಇತರರ ಅಗತ್ಯವನ್ನು ಮರೆಯಲಾಗದು. 1879ರಲ್ಲಿ ಏತೆರ್ನಿ ಪಾತ್ರಿಸ್ ವಿಶ್ವಪತ್ರದ ಮೂಲಕ ಸಂತ ತೋಮಸರನ್ನು ಎಲ್ಲ ಗುರುಮಠಗಳಿಗೂ ಮರಳಿ ತಂದವರು ಲಿಯೋ. 1891ರ ವಿಶ್ವಪತ್ರದಲ್ಲಿ ಸ್ವಂತ ಆಸ್ತಿಯ ಬಗ್ಗೆ ಬರೆಯುವಾಗ ಇದೇ ವಿಭಜನೆಯನ್ನು ಬಳಸಿದವರೂ ಅವರೇ. 1885ರ ಸಲಹೆಯಲ್ಲಿ ಸಂತ ತೋಮಸರ ಹೆಸರೆತ್ತುವ ಪ್ರಮೇಯವಿರಲಿಲ್ಲ. ಆದರೂ ಆ ಸಲಹೆ ಪೆರೂಜಾದ ಓದುಕೋಣೆಯಲ್ಲಿಯೇ ಹಣ್ಣಾಗಿತ್ತೆಂದು ನಾನು ಭಾವಿಸುತ್ತೇನೆ.

ಡಿಸೆಂಬರ್ 17ರಂದು ರೋಮಿನಲ್ಲಿ ಎರಡೂ ದೇಶಗಳ ಪ್ರತಿನಿಧಿಗಳು ಸಹಿ ಹಾಕಿದರು. ಈ ನಡುವೆ ನವೆಂಬರ್ 25ರಂದು ಸ್ಪೇನಿನ ತರುಣ ಅರಸ ಹನ್ನೆರಡನೇ ಅಲ್ಫೋನ್ಸೋ ತೀರಿಕೊಂಡಿದ್ದರೂ ಮಾತು ಮುರಿಯಲಿಲ್ಲ. ಲಿಯೋ ಬಿಸ್ಮಾರ್ಕ್‌ಗೆ ಕ್ರಿಸ್ತನ ಹೆಸರಿನ ಅತ್ಯುನ್ನತ ಬಿರುದನ್ನು ಕಳುಹಿಸಿದರು. ಪ್ರೊಟೆಸ್ಟೆಂಟನೊಬ್ಬನಿಗೆ ಅದು ಸಂದದ್ದು ಅದೇ ಮೊದಲು. ಬಿಸ್ಮಾರ್ಕ್ ಉತ್ತರದಲ್ಲಿ ಅವರನ್ನು ಅರಸರಿಗೆ ಸಲ್ಲುವ ಸಂಬೋಧನೆಯಿಂದ ಗೌರವಿಸಿದ. ರಾಜ್ಯ ಕಳೆದುಕೊಂಡವರಿಗೆ ಆ ಒಂದು ಪದದ ಬೆಲೆಯೇನೆಂಬುದು ಇಟಲಿಗೆ ಚೆನ್ನಾಗಿ ಅರ್ಥವಾಯಿತು.

ಆದರೆ ಆ ದ್ವೀಪಗಳಲ್ಲಿ ಜನರಿದ್ದರು. ರೋಮಿನಲ್ಲಾಗಲೀ ಮ್ಯಾಡ್ರಿಡ್, ಬರ್ಲಿನ್‌ಗಳಲ್ಲಾಗಲೀ ಅವರನ್ನು ಕೇಳಿದವರಿಲ್ಲ. ಆ ಯುಗದ ಕಾನೂನಿನಲ್ಲಿ ಅವರು ಕಕ್ಷಿಗಳೇ ಅಲ್ಲ. 1886ರಲ್ಲಿ ಸ್ಪೇನಿನ ಕಪುಚಿನ್ ಗುರುಗಳು ಯಾಪ್ ದ್ವೀಪಕ್ಕೆ ಬಂದರು. ಮರುವರ್ಷ ಪೋನ್‌ಪೇ ದ್ವೀಪಕ್ಕೆ ಬಂದ ಸ್ಪೇನಿನ ರಾಜ್ಯಪಾಲನು, ಅಲ್ಲಿ ಬಹುಕಾಲದಿಂದ ಸೇವೆ ಸಲ್ಲಿಸುತ್ತಿದ್ದ ಅಮೆರಿಕದ ಪ್ರೊಟೆಸ್ಟೆಂಟ್ ಮಿಶನರಿ ಎಡ್ವರ್ಡ್ ಡೋನ್ ಅವರನ್ನು ಬಂಧಿಸಿ ಮನಿಲಾಕ್ಕೆ ಕಳುಹಿಸಿದ. ಕೆಲವೇ ವಾರಗಳಲ್ಲಿ ದಂಗೆಯೆದ್ದು ರಾಜ್ಯಪಾಲನೇ ಹತನಾದ. ಸಲಹೆಯಲ್ಲಿ ಬರೆದಿದ್ದ ಕ್ರಮಬದ್ಧ ಆಡಳಿತ ಬಂದದ್ದು ಹೀಗೆ. 1899ರಲ್ಲಿ, ಅಮೆರಿಕದೊಡನೆ ಯುದ್ಧ ಸೋತ ಸ್ಪೇನ್ ಅದೇ ದ್ವೀಪಗಳನ್ನು ಎರಡೂವರೆ ಕೋಟಿ ಪೆಸೆಟಾಗಳಿಗೆ ಜರ್ಮನಿಗೇ ಮಾರಿತು. ಆಗಲೂ ಯಾರನ್ನೂ ಕೇಳಲಿಲ್ಲ. ಮುಂದೆ ಜಪಾನ್, ಬಳಿಕ ಅಮೆರಿಕ. ಬಹುಪಾಲು ಕರೋಲಿನ್ ದ್ವೀಪಗಳು ಮೈಕ್ರೋನೇಷ್ಯಾ ಎಂಬ ಒಕ್ಕೂಟವಾಗಿ 1986ರಲ್ಲಿಯೂ, ಪಾಲಾವು 1994ರಲ್ಲಿಯೂ ಸ್ವತಂತ್ರವಾದವು.

ಆಗಿನ ಕಾನೂನಿನ ಪ್ರಶ್ನೆ ಮಾತ್ರ ಮುಂದೆ ಸ್ಪಷ್ಟ ಉತ್ತರ ಪಡೆಯಿತು. ಫಿಲಿಪ್ಪೈನ್ಸ್ ಸಮೀಪದ ಪಾಲ್ಮಾಸ್ ಎಂಬ ಪುಟ್ಟ ದ್ವೀಪಕ್ಕಾಗಿ ಅಮೆರಿಕ ಮತ್ತು ನೆದರ್ಲೆಂಡ್ಸ್ ಸೆಣಸಿದಾಗ, ಸ್ವಿಟ್ಜರ್ಲೆಂಡಿನ ಮಾಕ್ಸ್ ಹೂಬರ್ 1928ರ ಏಪ್ರಿಲ್‌ನಲ್ಲಿ ತೀರ್ಪಿತ್ತರು. ಸ್ಪೇನಿನಿಂದ ಬಂದ ಹಳೆಯ ಹಕ್ಕು ತನ್ನದೆಂದು ಅಮೆರಿಕ ವಾದಿಸಿತ್ತು. ಕಂಡದ್ದು ಮಾತ್ರ ಸಾಲದು, ಶಾಂತಿಯುತವಾಗಿ ಎಡೆಬಿಡದೆ ಆಳಿದವನೇ ಒಡೆಯನೆಂದು ಹೂಬರ್ ನಿರ್ಣಯಿಸಿ ದ್ವೀಪವನ್ನು ನೆದರ್ಲೆಂಡ್ಸ್‌ಗೆ ಕೊಟ್ಟರು. ಒಡೆತನದ ಜೊತೆಗೆ ಆಡಳಿತದ ಹೊಣೆಯನ್ನೂ ಕಟ್ಟಿದ್ದ ಲಿಯೋ ಅವರ ಸಲಹೆ ಆ ದಾರಿಯಲ್ಲಿ ಅರ್ಧ ದೂರ ನಡೆದಿತ್ತೆನ್ನಬಹುದು.

ಈಗ ನಮ್ಮ ಊರಿನ ಸಂಗತಿ. ಕರೋಲಿನ್ ಒಪ್ಪಂದಕ್ಕೆ ಸಹಿ ಬಿದ್ದ ಆರು ತಿಂಗಳಲ್ಲಿ, 1886ರ ಜೂನ್ 23ರಂದು, ಲಿಯೋ ಪೋರ್ಚುಗಲ್ಲಿನೊಡನೆ ಒಂದು ಒಪ್ಪಂದ ಮಾಡಿಕೊಂಡರು. ಇಲ್ಲಿ ಅವರು ಮಧ್ಯಸ್ಥರಲ್ಲ, ಸ್ವತಃ ಕಕ್ಷಿದಾರರು. ಪೂರ್ವದೇಶಗಳ ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕನ್ನು ಹಿಂದಿನ ಜಗದ್ಗುರುಗಳೇ ಪೋರ್ಚುಗಲ್ಲಿನ ಅರಸರಿಗೆ ಕೊಟ್ಟಿದ್ದರು. ಇದೇ ಪದ್ರುವಾದೊ. ಭಾರತ ಬ್ರಿಟಿಷರ ಕೈಗೆ ಹೋದರೂ ಪೋರ್ಚುಗಲ್ ಆ ಹಕ್ಕನ್ನು ಬಿಡಲಿಲ್ಲ. ಸ್ಪೇನಿನಂತೆಯೇ, ಹಳೆಯ ಕಾಗದವೇ ಅದರ ಬಲ. ಇತ್ತ ರೋಮಿನ ಪ್ರೊಪಗಾಂದಾ ಸಂಸ್ಥೆ ತನ್ನ ಮಿಶನರಿಗಳನ್ನು ಕಳುಹಿಸುತ್ತಿತ್ತು. ಇದರಿಂದ ನಮ್ಮ ಕರಾವಳಿಯಲ್ಲಿ ಗೋವೆಯ ಅಧಿಕಾರಕ್ಕೆ ಸೇರಿದವರು, ಪ್ರೊಪಗಾಂದಾಕ್ಕೆ ಸೇರಿದವರು ಎಂದು ಕುಟುಂಬಗಳೇ ಇಬ್ಭಾಗವಾಗಿದ್ದವು. ಲಿಯೋ ಕಳುಹಿಸಿದ ಇಟಲಿಯ ಜೆಸ್ವಿಟರು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ್ದು ಈ ಒಡಕಿನ ನಡುವೆಯೇ.

1886ರ ಒಪ್ಪಂದ ಇಲ್ಲಿಯೂ ಪಾಲು ಮಾಡಿತು. ಗೋವೆಯ ಮಹಾಧರ್ಮಾಧ್ಯಕ್ಷರಿಗೆ ಪಿತಾಮಹರೆಂಬ ಗೌರವ. ದಮನ್, ಕೊಚ್ಚಿ, ಮೈಲಾಪುರ ಪದ್ರುವಾದೊದಲ್ಲಿ. ಉಳಿದ ಹೆಚ್ಚಿನ ಭಾಗ ರೋಮಿನ ನೇರ ಆಡಳಿತಕ್ಕೆ. ಸೆಪ್ಟೆಂಬರ್ 1ರಂದು ಭಾರತದ ಧರ್ಮಪ್ರಾಂತ್ಯಗಳ ಸ್ಥಾಪನೆಯಾಗಿ, ಮಂಗಳೂರು ಅವುಗಳಲ್ಲಿ ಒಂದಾಯಿತು. ಆದರೂ ಮುಂಬಯಿ, ಮಂಗಳೂರು, ಕೊಲ್ಲಂ, ತಿರುಚಿನಾಪಳ್ಳಿಗಳಿಗೆ ಧರ್ಮಾಧ್ಯಕ್ಷರನ್ನು ನೇಮಿಸುವಾಗ ಮೂವರ ಹೆಸರಿನ ಪಟ್ಟಿಯಿಂದ ಒಬ್ಬರನ್ನು ಆರಿಸಿ ಸೂಚಿಸುವ ಹಕ್ಕು ಪೋರ್ಚುಗಲ್ಲಿಗೇ ಉಳಿಯಿತು. ಆ ದೇಶ ಅದನ್ನು ಬಿಟ್ಟುಕೊಟ್ಟದ್ದು 1950ರಲ್ಲಿ, ನಮ್ಮ ಸಂವಿಧಾನ ಜಾರಿಯಾದ ಬಳಿಕ.

ಗೋವೆಯ ಅಧಿಕಾರದಲ್ಲಿಯೇ ಉಳಿಯಬೇಕೆಂದಿದ್ದವರನ್ನು ಇಲ್ಲಿಯೂ ಯಾರೂ ಕೇಳಲಿಲ್ಲ. ಉಡುಪಿ ಸೀಮೆಯ ಬ್ರಹ್ಮಾವರದಲ್ಲಿ ಫಾದರ್ ನೊರೋನ್ಹಾ ಅವರೊಡನೆ ಅನೇಕ ಕುಟುಂಬಗಳು ಹೊಸ ವ್ಯವಸ್ಥೆಯನ್ನು ಒಪ್ಪದೆ ಹೊರನಡೆದವು. ಗೋವೆಯ ಯಾಜಕ ಅಲ್ವಾರಿಸ್ 1889ರಲ್ಲಿ ಕೇರಳದ ಸಿರಿಯನ್ ಧರ್ಮಾಧ್ಯಕ್ಷರಿಂದ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಅಭಿಷೇಕ ಪಡೆದು ಅವರ ಮುಖಂಡರಾದರು. ಬ್ರಹ್ಮಾವರದ ಆರ್ಥೊಡಾಕ್ಸ್ ಸಮುದಾಯ ಹುಟ್ಟಿದ್ದು ಹೀಗೆ. ಕೊಂಕಣಿ ಮಾತನಾಡುವ, ನಮ್ಮಂತೆಯೇ ಹೆಸರಿಟ್ಟುಕೊಳ್ಳುವ ಆ ಸೋದರರನ್ನು ಹಟಮಾರಿಗಳೆಂದು ಕರೆಯುವುದು ನಮ್ಮ ಹಿರಿಯರಿಗೆ ಸುಲಭವಾಗಿತ್ತು. ಲಿಸ್ಬನ್ ಮತ್ತು ರೋಮ್ ಸಹಿ ಹಾಕಿದ ಕಾಗದದ ಬೆಲೆಯನ್ನು ಬ್ರಹ್ಮಾವರದ ರೈತ ತೆತ್ತನೆಂದು ನೋಡಿದರೆ ಹಾಗೆ ಹೇಳಲು ನಾಲಿಗೆ ಹೊರಳುವುದಿಲ್ಲ. ಲಿಯೋ ಅವರ ಬಗ್ಗೆ ನನಗಿರುವ ಗೌರವ ಇದರಿಂದ ಕಡಿಮೆಯಾಗಿಲ್ಲ. ಒಡಕು ಮುಂದುವರಿದಿದ್ದರೆ ಹಾನಿ ಇನ್ನೂ ಹೆಚ್ಚುತ್ತಿತ್ತು. ಆದರೆ ಆ ಲೆಕ್ಕವನ್ನು ಮುಚ್ಚಿಡಬಾರದು.

ಅವರ ಕೊನೆಯ ವರ್ಷಗಳಲ್ಲಿ ಕರೋಲಿನ್ ಯಶಸ್ಸು ಮರಳಿ ಬರಲಿಲ್ಲ. 1898ರಲ್ಲಿ ಕ್ಯೂಬಾ ಕಾರಣವಾಗಿ ಅಮೆರಿಕ ಮತ್ತು ಸ್ಪೇನ್ ಯುದ್ಧದಂಚಿಗೆ ಬಂದಾಗ, ಅಮೆರಿಕದ ಮಹಾಧರ್ಮಾಧ್ಯಕ್ಷ ಜಾನ್ ಐರ್ಲೆಂಡರ ಮೂಲಕ ಅವರು ಬಹಳ ಪ್ರಯತ್ನಿಸಿದರು. ಅವರ ಕೋರಿಕೆಯಂತೆ ಸ್ಪೇನ್ ಕ್ಯೂಬಾದಲ್ಲಿ ಕದನವಿರಾಮವನ್ನೂ ಘೋಷಿಸಿತು. ಆದರೂ ಏಪ್ರಿಲ್ ಮುಗಿಯುವ ಮೊದಲೇ ಯುದ್ಧ ಬಂತು. ಇಬ್ಬರಲ್ಲಿ ಒಬ್ಬನು ಯುದ್ಧ ಬಯಸಿದರೆ ಸಂಧಾನಕಾರನ ಕೈ ಕಟ್ಟಿಹೋಗುತ್ತದೆ.

ಮರುವರ್ಷ ರಷ್ಯಾದ ಚಕ್ರವರ್ತಿಯ ಪ್ರೇರಣೆಯಿಂದ ಹೇಗ್ ನಗರದಲ್ಲಿ ಶಾಂತಿ ಸಮ್ಮೇಳನ ನಡೆಯಿತು. ಮೇ 18ರಿಂದ ಜುಲೈ 29ರವರೆಗೆ ಇಪ್ಪತ್ತಾರು ರಾಜ್ಯಗಳು ಕುಳಿತು, ವ್ಯಾಜ್ಯಗಳನ್ನು ಪಂಚಾಯಿತಿಗೆ ಒಪ್ಪಿಸುವ ಖಾಯಂ ನ್ಯಾಯಾಲಯವನ್ನು ಸ್ಥಾಪಿಸಿದವು. ಖಾಯಂ ಎಂಬುದು ಹೆಸರಿಗಷ್ಟೆ. ಸದಾ ಕುಳಿತಿರುವ ನ್ಯಾಯಾಧೀಶರು ಅಲ್ಲಿರಲಿಲ್ಲ. ಪ್ರತಿ ದೇಶವೂ ಗರಿಷ್ಠ ನಾಲ್ವರು ಯೋಗ್ಯರ ಹೆಸರು ಕೊಡುವುದು, ವ್ಯಾಜ್ಯ ಬಂದಾಗ ಆ ಪಟ್ಟಿಯಿಂದ ಪಂಚರನ್ನು ಆರಿಸಿಕೊಳ್ಳುವುದು, ಕಾಗದಪತ್ರ ನೋಡಲು ಒಂದು ಕಚೇರಿ. ಪಾಲ್ಮಾಸ್ ತೀರ್ಪು ಬಂದದ್ದೂ ಇದರ ಆಶ್ರಯದಲ್ಲಿಯೇ. ಈ ಸಮ್ಮೇಳನದ ಪ್ರಸ್ತಾವವನ್ನು ರಷ್ಯಾ ಜಗದ್ಗುರುಗಳಿಗೂ ತಿಳಿಸಿತ್ತು. ಅವರ ಕಾರ್ಯದರ್ಶಿ ಕಾರ್ಡಿನಲ್ ರಂಪೊಲ್ಲಾ ಸ್ವಾಗತಿಸಿ ಉತ್ತರಿಸಿದ್ದರು. ಆದರೆ ಜಗದ್ಗುರುಗಳ ಪ್ರತಿನಿಧಿ ಬಂದರೆ ತಾನು ಬರುವುದಿಲ್ಲವೆಂದು ಇಟಲಿ ಪಟ್ಟುಹಿಡಿಯಿತು. ಅಲ್ಲಿ ರೋಮ್ ನಗರದ ಪ್ರಶ್ನೆಯನ್ನೇ ಎತ್ತಿಬಿಟ್ಟಾರೆಂಬ ಅಂಜಿಕೆ. ಆಹ್ವಾನ ಬರಲಿಲ್ಲ. ನೆದರ್ಲೆಂಡ್ಸಿನ ತರುಣ ರಾಣಿ ವಿಲ್ಹೆಲ್ಮಿನಾ ನೈತಿಕ ಬೆಂಬಲ ಕೋರಿ ಅವರಿಗೆ ಪತ್ರ ಬರೆದಿದ್ದಳು. ಎಂಬತ್ತೊಂಬತ್ತರ ವೃದ್ಧರು ಕೊಟ್ಟ ಉತ್ತರವನ್ನು ಕೊನೆಯ ದಿನ ಸಭೆಯಲ್ಲಿ ಓದಲಾಯಿತು. ಆ ಕಾಲದ ಪ್ರಖ್ಯಾತ ಸಂಧಾನವೊಂದನ್ನು ನಡೆಸಿದವರು ಆ ಕೋಣೆಯಲ್ಲಿ ಉಪಸ್ಥಿತರಿದ್ದುದು ಒಂದು ಕಾಗದವಾಗಿ ಮಾತ್ರ.

1903ರ ಜುಲೈ 20ರಂದು, ತೊಂಬತ್ತಮೂರು ವರ್ಷ ಬಾಳಿ, ಲಿಯೋ ದೈವಾಧೀನರಾದರು. ತಮ್ಮದೇ ವ್ಯಾಜ್ಯ ಇತ್ಯರ್ಥವಾದುದನ್ನು ಅವರು ಕಾಣಲಿಲ್ಲ. 1924ರಲ್ಲಿ ಅವರ ಪಾರ್ಥಿವ ಶರೀರವನ್ನು ವ್ಯಾಟಿಕನ್ನಿನಿಂದ ರೋಮ್ ನಗರವನ್ನು ದಾಟಿಸಿ ಲಾತೆರಾನ್ ಮಹಾದೇವಾಲಯಕ್ಕೆ ಕೊಂಡೊಯ್ದು ಸಮಾಧಿ ಮಾಡಲಾಯಿತು. ಆ ದೇವಾಲಯಕ್ಕೆ ಹೊಂದಿಕೊಂಡಿರುವ ಅರಮನೆಯಲ್ಲಿ 1929ರ ಫೆಬ್ರವರಿ 11ರಂದು ಇಟಲಿಯೂ ಜಗದ್ಗುರುಪೀಠವೂ ಒಪ್ಪಂದಕ್ಕೆ ಸಹಿ ಹಾಕಿದವು. ಅದರ 24ನೆಯ ವಿಧಿಯಂತೆ ಜಗದ್ಗುರುಪೀಠ ರಾಷ್ಟ್ರಗಳ ಲೌಕಿಕ ಪೈಪೋಟಿಗಳಿಂದ ದೂರವಿರತಕ್ಕದ್ದು, ವ್ಯಾಜ್ಯದ ಎರಡೂ ಕಡೆಯವರು ಕೂಡಿಯೇ ಬಂದು ಶಾಂತಿಗಾಗಿ ಕೋರಿಕೊಂಡ ಸಂದರ್ಭವೊಂದನ್ನು ಬಿಟ್ಟು.